ಕೇಳಬೇಕಾದವರನ್ನು ಉತ್ತರಕ್ಕೆ ನಿಲ್ಲಿಸಿದ ಸಂದರ್ಶನ

ಬ್ರಿಟನ್ನಿನ ಎನ್‌ಎಚ್‌ಎಸ್ ಆಸ್ಪತ್ರೆಗಳ ನರ್ಸ್ ಸಂದರ್ಶನಕ್ಕೆ ಒಳ್ಳೆಯ ಹೆಸರಿದೆ. ಎಲ್ಲರಿಗೂ ಒಂದೇ ಪ್ರಶ್ನೆಗಳು, ಮೊದಲೇ ಬರೆದಿಟ್ಟ ಅಂಕಪಟ್ಟಿ, ವಶೀಲಿಗೆ ಜಾಗವಿಲ್ಲದ ಸಮಿತಿ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಆ ಕಡೆ ಹೊರಟವರಿಗೆ ಇದು ಮಾದರಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಈ ಸಂದರ್ಶನ ಪ್ರಾಮಾಣಿಕ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಮಹಾನಗರದ ತುರ್ತು ವಿಭಾಗಕ್ಕೆ ಆರಂಭಿಕ ದರ್ಜೆಯಾದ ಬ್ಯಾಂಡ್ 5ರ ನರ್ಸ್‌ಗಳನ್ನು ಆರಿಸುವಾಗ ಅದು ಅಳೆಯುವುದು ಬೇರೆಯೇ ಸಾಮರ್ಥ್ಯವನ್ನು. ತುರ್ತು ವಿಭಾಗದ ಬಾಗಿಲಲ್ಲಿ ನರ್ಸ್‌ ಮಾಡುವ ಮೊದಲ ಕೆಲಸ ಕೇಳುವುದು, ನೋಡುವುದು, ಮುಟ್ಟಿ ಎಣಿಸುವುದು. ಸಂದರ್ಶನದ ಕೋಣೆಯಲ್ಲಿ ಅವರು ಉತ್ತರ ಹೇಳುತ್ತಾರೆ, ಅಷ್ಟೇ.

ಇಂಥ ಸಂದರ್ಶನಗಳಲ್ಲಿ ಬಹಳ ಮೆಚ್ಚುಗೆ ಪಡೆದಿರುವ ಒಂದು ಪ್ರಶ್ನೆಯನ್ನೇ ನೋಡೋಣ. ಏಕಕಾಲಕ್ಕೆ ನಾಲ್ವರು ರೋಗಿಗಳಿದ್ದಾರೆ: ಎದೆನೋವಿನ ಗಂಡಸು, ರೋಗಿಯ ಸ್ಥಿತಿಯ ಗಂಭೀರತೆ ಅಳೆಯುವ ನ್ಯೂಸ್2 ಪಟ್ಟಿಯಲ್ಲಿ ಅಂಕ 7 ಬಂದಿರುವ ಹೆಂಗಸು, ಕುಡಿದು ಕೂಗಾಡುತ್ತಿರುವ ಯುವಕ, ಶೌಚಾಲಯಕ್ಕೆ ಹೋಗಬೇಕೆನ್ನುತ್ತಿರುವ ಅಜ್ಜಿ. ಯಾರನ್ನು ಮೊದಲು ನೋಡುತ್ತೀರಿ, ಏಕೆ? ವಿವರಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತವೆ, ಅಚ್ಚು ಒಂದೇ. ತಯಾರಿ ಮಾಡಿಕೊಂಡು ಬಂದವರ ಉತ್ತರವೂ ಒಂದೇ: ಶ್ವಾಸನಾಳ, ಉಸಿರಾಟ, ರಕ್ತಸಂಚಾರ ಎಂಬ ಕ್ರಮದಲ್ಲಿ ಪರೀಕ್ಷಿಸುತ್ತೇನೆ, ಹಿರಿಯರನ್ನು ಕರೆಯುತ್ತೇನೆ, ಅಜ್ಜಿಗೆ ಸಹಾಯಕರನ್ನು ಕಳಿಸುತ್ತೇನೆ, ಎಲ್ಲವನ್ನೂ ದಾಖಲಿಸುತ್ತೇನೆ. ಇದರಲ್ಲಿ ಯಾವ ಮಾತೂ ತಪ್ಪಲ್ಲ, ಪೂರ್ತಿ ಅಂಕವೂ ಸಿಗುತ್ತದೆ.

ಆದರೆ ಆ 7 ಎಲ್ಲಿಂದ ಬಂತು? ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ಈ ಪಟ್ಟಿಯಲ್ಲಿ ಉಸಿರಾಟದ ವೇಗ, ಆಮ್ಲಜನಕದ ಪ್ರಮಾಣ, ರಕ್ತದೊತ್ತಡ, ನಾಡಿ, ಎಚ್ಚರ, ಜ್ವರ ಪ್ರತಿಯೊಂದಕ್ಕೂ ಅಂಕಗಳಿವೆ; ಆಮ್ಲಜನಕ ಕೊಡುತ್ತಿದ್ದರೆ ಅದಕ್ಕೆ ಮತ್ತೆ 2. ನಿಮಿಷಕ್ಕೆ 25 ಅಥವಾ ಹೆಚ್ಚು ಸಲ ಉಸಿರಾಡುವವರಿಗೆ 3 ಅಂಕ, 12ರಿಂದ 20ರವರೆಗೆ ಸೊನ್ನೆ. ನಾಡಿ, ಒತ್ತಡ, ಆಮ್ಲಜನಕವನ್ನು ಯಂತ್ರ ತೋರಿಸಿಬಿಡುತ್ತದೆ. ಉಸಿರನ್ನು ಮಾತ್ರ ಎದೆಯ ಏರಿಳಿತ ನೋಡುತ್ತಾ ಎಣಿಸಬೇಕು, ಅದಕ್ಕೇ ಧಾವಂತದಲ್ಲಿ ಕಣ್ಣಂದಾಜಿನ ಪಾಲಾಗುವುದೂ ಅದೇ. ನಿಜದಲ್ಲಿ 26 ಇದ್ದದ್ದನ್ನು ಯಾರೋ 18 ಎಂದು ಬರೆದುಬಿಟ್ಟರೆ ಆ ಹೆಂಗಸಿನ ಅಂಕ 7ರಿಂದ 4ಕ್ಕಿಳಿಯುತ್ತದೆ. 7 ಅಂದರೆ ತುರ್ತು ತಂಡ ಓಡಿಬರಬೇಕು, 5 ಅಂದರೆ ವೈದ್ಯರು ಬೇಗ ನೋಡಬೇಕು. ಬೇರೆ ಯಾವ ಒಂದು ಅಳತೆಗೂ 3 ಬಾರದಿದ್ದರೆ 4ಕ್ಕೆ ಎರಡೂ ಇಲ್ಲ, ಅವರು ಕುರ್ಚಿಯಲ್ಲಿ ಕಾಯುತ್ತಾರೆ. ಅವರನ್ನು ಉಳಿಸುವ ಕೆಲಸವೆಲ್ಲ ಆ ಎಣಿಕೆಯಲ್ಲೇ ಇದೆ. ಸಂದರ್ಶನದ ಪ್ರಶ್ನೆಯಾದರೋ ಎಣಿಕೆ ಮುಗಿಸಿ, ಮೊತ್ತ ಹಾಕಿ, 7 ಎಂಬ ಫಲವನ್ನು ಅಭ್ಯರ್ಥಿಯ ಕೈಗೇ ಕೊಟ್ಟು, ದೊಡ್ಡದು ಯಾವುದು ಎಂದು ಕೇಳುತ್ತದೆ.

ಎದೆನೋವಿನ ಗಂಡಸಿನ ವಿಷಯವೂ ಹೀಗೆಯೇ. ಹೃದಯಾಘಾತವಾದವರೆಲ್ಲ ಎದೆನೋವು ಎಂದೇ ಹೇಳುವುದಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಹೊಟ್ಟೆಯುರಿ ಎನ್ನಬಹುದು, ಸುಸ್ತು ಎನ್ನಬಹುದು, ದವಡೆ ಹಿಡಿದಿದೆ ಎನ್ನಬಹುದು. 1990ರ ದಶಕದಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರೂಪುಗೊಂಡು ಬ್ರಿಟನ್ನಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ, ರೋಗಿಗಳನ್ನು ತುರ್ತಿಗೆ ತಕ್ಕಂತೆ ವಿಂಗಡಿಸುವ ಟ್ರಯಾಜ್ ಪದ್ಧತಿಯಲ್ಲಿ ನರ್ಸ್‌ ಮೊದಲು ದೂರಿಗೆ ತಕ್ಕ ನಕ್ಷೆಯನ್ನು ಆರಿಸಿಕೊಳ್ಳಬೇಕು, ಆಮೇಲೆ ಅದರೊಳಗಿನ ಪ್ರಶ್ನೆಗಳನ್ನು ಕೇಳುತ್ತಾ ಹೋಗಬೇಕು. ಕಿತ್ತಳೆ ಬಣ್ಣ ಬಿದ್ದರೆ 10 ನಿಮಿಷದೊಳಗೆ ನೋಡಬೇಕು, ಹಳದಿಗೆ 60 ನಿಮಿಷ. ಈ 50 ನಿಮಿಷದ ಅಂತರ ಎಷ್ಟೋ ಸಲ ಕೇಳಿದ ಅಥವಾ ಕೇಳದೆ ಬಿಟ್ಟ ಒಂದೇ ಪ್ರಶ್ನೆಯದು. ಸಂದರ್ಶನದ ಪ್ರಶ್ನೆಯೋ ರೋಗಿಯ ಹಣೆಯ ಮೇಲೆ ಎದೆನೋವು ಎಂದು ಮೊದಲೇ ಬರೆದಿರುತ್ತದೆ.

ಉಳಿದ ಪ್ರಶ್ನೆಗಳು ಹಳೆಯ ಅನುಭವವನ್ನು ಕೇಳುತ್ತವೆ: ಒತ್ತಡದಲ್ಲಿ ದುಡಿದ ಒಂದು ಸಂದರ್ಭ ಹೇಳಿ, ಸಹೋದ್ಯೋಗಿಯ ತಪ್ಪನ್ನು ಎತ್ತಿ ತೋರಿಸಿದ ಪ್ರಸಂಗ ಹೇಳಿ. ಸಂದರ್ಭ, ಹೊಣೆ, ಕ್ರಮ, ಫಲ ಎಂಬ ಸ್ಟಾರ್ ಚೌಕಟ್ಟಿನಲ್ಲಿ ಉತ್ತರಿಸಬೇಕು. ಇದರ ಹಿಂದಿರುವ ವಿಚಾರಕ್ಕೆ ಜಾನ್ ಫ್ಲ್ಯಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನದ ಋಣವಿದೆ. ಎರಡನೇ ಮಹಾಯುದ್ಧದ ಅಮೆರಿಕನ್ ವಾಯುಪಡೆಯ ಸಂಶೋಧನೆಯಿಂದ ಬೆಳೆದ ಆ ವಿಧಾನ, ಒಂದು ಕೆಲಸ ಏನನ್ನು ಬೇಡುತ್ತದೆ ಎಂದು ತಿಳಿಯಲು ಅನೇಕರಿಂದ ಘಟನೆಗಳನ್ನು ಕಲೆಹಾಕುತ್ತಿತ್ತು. ಘಟನೆ ಹೇಳಿದವರಿಗೆ ಅಂಕ ಹಾಕುವುದು ಅದರ ಉದ್ದೇಶವಾಗಿರಲಿಲ್ಲ. ಈಗ ಅಂಕ ಬೀಳುವುದು ಕಥೆಯ ಕಟ್ಟುಗಾರಿಕೆಗೆ. ನಾನು ಮಾಡಿದೆ, ನಾನು ಗುರುತಿಸಿದೆ ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಬಲ್ಲವರು ಮುಂದೆ ಹೋಗುತ್ತಾರೆ. ವಾರ್ಡಿನ ಕೆಲಸವನ್ನು ಎಲ್ಲರೂ ಸೇರಿ ಮಾಡಿದ್ದೆಂದೇ ಹೇಳಿ ರೂಢಿಯಿರುವ ನಮ್ಮ ಕಡೆಯ ನರ್ಸ್‌ಗಳು ಹಿಂದೆ ಬೀಳುತ್ತಾರೆ.

ಮೌಲ್ಯಗಳನ್ನು ನೋಡಿ ಆರಿಸಬೇಕು ಎಂದು ವಾದಿಸುವವರ ಜೊತೆ ನನ್ನ ಜಗಳ ಗಂಭೀರವಾದದ್ದು, ಏಕೆಂದರೆ ಅವರ ವಾದ ಒಂದು ದುರಂತದಿಂದ ಹುಟ್ಟಿದೆ. ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ಅನುಭವಿಸಿದ ನಿರ್ಲಕ್ಷ್ಯದ ಬಗ್ಗೆ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ 290 ಶಿಫಾರಸುಗಳ ವರದಿ ಕೊಟ್ಟರು. ಅನುಕಂಪ, ಧೈರ್ಯ, ಬದ್ಧತೆಯಂಥ ಗುಣಗಳನ್ನು ನೋಡಿ ನೇಮಿಸಿಕೊಳ್ಳುವ ಪದ್ಧತಿ ಇದಾದ ಮೇಲೆ ಬಲವಾಗಿ ಬೇರೂರಿತು. ಅನುಕಂಪ ಬೇಡ ಎನ್ನುವವರು ಯಾರು? ಆದರೆ ಅದೇ ಆಸ್ಪತ್ರೆಯ ಬಗ್ಗೆ 2009ರಲ್ಲಿ ಹೆಲ್ತ್‌ಕೇರ್ ಕಮಿಷನ್ ಕೊಟ್ಟ ವರದಿಯನ್ನು ಇವರು ಮತ್ತೊಮ್ಮೆ ಓದಬೇಕು. ತುರ್ತು ವಿಭಾಗದಲ್ಲಿ ನರ್ಸ್‌ಗಳು ಸಾಲದೆ, ವೈದ್ಯಕೀಯ ತರಬೇತಿಯೇ ಇಲ್ಲದ ರಿಸೆಪ್ಷನಿಸ್ಟ್‌ಗಳು ಬಂದವರನ್ನು ಮೊದಲು ನೋಡಿ ವಿಂಗಡಿಸುತ್ತಿದ್ದರು. ಆ ರಿಸೆಪ್ಷನಿಸ್ಟ್‌ಗಳಿಗೆ ಅನುಕಂಪವಿರಲಿಲ್ಲ ಎನ್ನಲು ಯಾವ ಆಧಾರವೂ ಇಲ್ಲ. ಏನು ಕೇಳಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕೆಲಸವೂ ಅವರದಾಗಿರಲಿಲ್ಲ. ಆ ಬಾಗಿಲಿನಿಂದ ಕಲಿಯಬೇಕಾಗಿದ್ದ ಪಾಠವನ್ನು ಬಿಟ್ಟು, ನಮ್ಮ ಸಂಸ್ಥೆಯ ಮೌಲ್ಯಗಳಾವುವು ಎಂದು ಅಭ್ಯರ್ಥಿಯನ್ನು ಕೇಳುವಲ್ಲಿಗೆ ಬಂದು ನಿಂತಿದ್ದೇವೆ. ಅದರ ಉತ್ತರ ಸಂಸ್ಥೆಯ ವೆಬ್‌ಸೈಟಿನಲ್ಲೇ ಇರುತ್ತದೆ.

ಸಂದರ್ಶನದ ಪರ ಇರುವ ಗಟ್ಟಿ ಆಕ್ಷೇಪ ಸಂಖ್ಯಾಶಾಸ್ತ್ರದ್ದು. ಉದ್ಯೋಗದಲ್ಲಿ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆಂದು ಮುಂಚೆಯೇ ಹೇಳಬಲ್ಲ ವಿಧಾನಗಳನ್ನು ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಹಾಕಿದಾಗ ಮೇಲೆ ಬಂದದ್ದು ಚೌಕಟ್ಟುಳ್ಳ ಸಂದರ್ಶನವೇ: ಕೆಲಸದ ಗುಣಮಟ್ಟದೊಂದಿಗಿನ ಸಹಸಂಬಂಧ ಅದಕ್ಕೆ 0.42, ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆಗೆ 0.33. ಹಾಗಾದರೆ ನನ್ನ ವಾದ ಬಿದ್ದುಹೋಯಿತೇ? ಇಲ್ಲ. ಆ ಸಂಖ್ಯೆ ಬಗೆಬಗೆಯ ಉದ್ಯೋಗಗಳನ್ನು ಒಟ್ಟುಹಾಕಿ ತೆಗೆದ ಸರಾಸರಿ. ಅದು ಹೊಗಳುವುದು ಚೌಕಟ್ಟನ್ನು, ಅಂದರೆ ಎಲ್ಲರಿಗೂ ಸಮನಾದ ಪ್ರಶ್ನೆ, ಸಮನಾದ ಅಳತೆಗೋಲು. ಚೌಕಟ್ಟಿನೊಳಗೆ ಏನನ್ನು ಕೇಳಬೇಕೆಂದು ಅದು ಹೇಳುವುದಿಲ್ಲ. ಅರ್ಧಂಬರ್ಧ ಮಾಹಿತಿಯ ಒಬ್ಬ ರೋಗಿಯನ್ನು ಮುಂದಿಟ್ಟು, ಅಭ್ಯರ್ಥಿ ಏನೇನು ಕೇಳಿದರು, ಯಾವ ಕ್ರಮದಲ್ಲಿ ಕೇಳಿದರು ಎಂದು ಅಂಕಪಟ್ಟಿ ಇಟ್ಟುಕೊಂಡು ಗುರುತಿಸಿದರೆ ಅದೂ ಚೌಕಟ್ಟುಳ್ಳ ಸಂದರ್ಶನವೇ.

ವಿದೇಶಿ ನರ್ಸ್‌ಗಳು ನೋಂದಣಿಗಾಗಿ ಎದುರಿಸುವ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಇದನ್ನೆಲ್ಲ ಆಗಲೇ ನೋಡುತ್ತದಲ್ಲ ಎಂಬ ಮಾತೂ ಇದೆ. ಬಾಯಿಪಾಠದ ಪರೀಕ್ಷೆಯೆಂದು ಟೀಕೆಗೆ ಗುರಿಯಾಗುವ ಓಸ್ಕಿಯನ್ನು ನಾನು ಈ ಒಂದು ಕಾರಣಕ್ಕೆ ಮೆಚ್ಚುತ್ತೇನೆ: 2021ರಿಂದ ಜಾರಿಯಲ್ಲಿರುವ ಅದರ 10 ಹಂತಗಳಲ್ಲಿ ಒಂದು, ರೋಗಿಯನ್ನು ಮಾತಾಡಿಸಿ ಸ್ಥಿತಿ ತಿಳಿಯುವುದು. ಅಲ್ಲಿ ಅಭ್ಯರ್ಥಿ ಪ್ರಶ್ನೆ ಕೇಳಲೇಬೇಕು. ಆದರೆ ಅದು ನೋಂದಣಿಯ ಹೊಸ್ತಿಲು, ತುರ್ತು ವಿಭಾಗಕ್ಕೆಂದೇ ಮಾಡಿದ್ದಲ್ಲ, ಬ್ರಿಟನ್ನಿನಲ್ಲೇ ಓದಿದವರು ಅದನ್ನು ಎದುರಿಸುವುದೂ ಇಲ್ಲ.

ಸಮಯವಿಲ್ಲ, ದುಡ್ಡಿಲ್ಲ ಎನ್ನುವ ನೆಪ ನಿಲ್ಲುವುದಿಲ್ಲ. ನಾಲ್ವರನ್ನು ಪಟ್ಟಿ ಮಾಡಿ ಹೇಳುವ ಬದಲು ಆ ಕುಡಿದ ಯುವಕನೊಬ್ಬನನ್ನೇ ತೆಗೆದುಕೊಳ್ಳಲಿ. ಸಮಿತಿಯಲ್ಲಿ ಕೂತ ಹಿರಿಯ ನರ್ಸ್‌ ಅವನ ಪಾತ್ರ ವಹಿಸಲಿ. ಗೆಳೆಯರು ಅವನನ್ನು ತಂದು ಬಿಟ್ಟು, ಸ್ವಲ್ಪ ಜಾಸ್ತಿ ಕುಡಿದಿದ್ದಾನೆ, ಮಲಗಿದರೆ ಸರಿಹೋಗುತ್ತಾನೆ ಎನ್ನುತ್ತಾರೆ. ಅಭ್ಯರ್ಥಿಗೆ ಹತ್ತು ನಿಮಿಷ. ಎಲ್ಲಾದರೂ ಬಿದ್ದನೇ ಎಂದು ಗೆಳೆಯರು ಹೋಗುವ ಮೊದಲೇ ಕೇಳಿದರೇ? ಬೆರಳು ಚುಚ್ಚಿ ಸಕ್ಕರೆ ನೋಡುತ್ತೇನೆಂದರೇ? ರಕ್ತದ ಸಕ್ಕರೆ ಕುಸಿದವರೂ ತಲೆಯೊಳಗೆ ರಕ್ತ ಸೋರುತ್ತಿರುವವರೂ ಕುಡಿದವರ ಹಾಗೆಯೇ ತೊದಲುತ್ತಾರೆ, ಕೂಗಾಡುತ್ತಾರೆ. ಕಣ್ಣಿನ ಪಾಪೆಗಳಿಗೆ ಬೆಳಕು ಬಿಡಲು ಬಾಗಿದಾಗ, ಬೈಯುತ್ತಿರುವವನ ಹೆಸರು ಹಿಡಿದು ಕರೆದು, ಈಗ ಏನು ಮಾಡುತ್ತೇನೆಂದು ಅವನಿಗೆ ಹೇಳಿದರೇ? ಮೌಲ್ಯಗಳಿಗಾಗಿ ವಾದಿಸುವವರು ಹುಡುಕುವ ಅನುಕಂಪ ಅಲ್ಲಿಯೂ ಕಾಣುತ್ತದೆ, ಅದಕ್ಕೂ ಅಂಕಪಟ್ಟಿಯಲ್ಲಿ ಒಂದು ಕಾಲಂ ಇಡಬಹುದು.