ಸೂಟ್‌ಕೇಸಿಗೊಂದು ತಕ್ಕಡಿ

ಅಮೆರಿಕಕ್ಕೆ ಎಂ.ಎಸ್. ಓದಲು ಹೊರಟ ನಮ್ಮ ಹುಡುಗ ಹುಡುಗಿಯರ ನಡುವೆ ಒಂದು ಎಕ್ಸೆಲ್ ಹಾಳೆ ಓಡಾಡುತ್ತಿರುತ್ತದೆ. ಮೊದಲು ಬರೆದವರು ಯಾರೋ ಯಾರಿಗೂ ಗೊತ್ತಿಲ್ಲ. ಸೀನಿಯರ್ ಕೊಟ್ಟದ್ದಕ್ಕೆ ಜೂನಿಯರ್ ಎರಡು ಸಾಲು ಸೇರಿಸಿ, ಒಂದು ಸಾಲು ಹೊಡೆದುಹಾಕಿ ಮುಂದಿನವರಿಗೆ ದಾಟಿಸುತ್ತಾರೆ. ನನ್ನ ತಂಗಿಯ ಮಗಳು ಹೊರಟಾಗ ಅದು ನನ್ನ ಕೈಗೂ ಬಂತು. ಮೂರು ಲೀಟರಿನ ಕುಕ್ಕರ್, ತಳ ಚಪ್ಪಟೆಯಾಗಿರಲಿ, ಅಲ್ಲಿ ಒಲೆ ಕರೆಂಟಿನದು. ಗ್ಯಾಸ್ಕೆಟ್ ಎರಡು ಜಾಸ್ತಿ. ಮಿಕ್ಸಿ ಬೇಡ, ಅಲ್ಲಿ 120 ವೋಲ್ಟ್. ಅಕ್ಕಿ ಬೇಡ, ಹಸಿ ಕರಿಬೇವು ಬೇಡವೇ ಬೇಡ, ಕಸ್ಟಮ್ಸ್‌ನವರು ಎಸೆಯುತ್ತಾರೆ. ಸಾರಿನ ಪುಡಿಗೆ ಎರಡು ಕವರು, ಮೇಲೆ ಇಂಗ್ಲಿಷಿನಲ್ಲಿ ಹೆಸರು. ಕನ್ನಡಕ ಎರಡು ಜೊತೆ. ಹಲ್ಲಿನ ಡಾಕ್ಟರನ್ನು ಕಂಡೇ ಹೊರಡಿ, ಅಲ್ಲಿ ಕಾಲೇಜಿನ ವಿಮೆಗೆ ಹಲ್ಲು ಸೇರಿರುವುದಿಲ್ಲ. ಎಂಎಂಆರ್ ಚುಚ್ಚುಮದ್ದು ಎರಡು ಸಲ ಆಗಿದೆ ಎಂಬುದಕ್ಕೆ ಪುರಾವೆ, ಅಮ್ಮನ ಹತ್ತಿರ ಹಳೆಯ ತಾಯಿ ಕಾರ್ಡ್ ಇದೆಯೇ ಕೇಳಿ.

ವರ್ಷವರ್ಷವೂ ಹುಡುಗರ ಬರಹ ಓದಿ ಸೋತ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟರು ನಾನು. ಈ ಹಾಳೆ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಒಂದು ಪದ ದಂಡವಿಲ್ಲ. ಪ್ರತಿ ಸಾಲಿನ ಹಿಂದೆಯೂ ಯಾರೋ ಒಬ್ಬರು ಪಟ್ಟ ಪಾಡಿದೆ. ಹೋದವರು ಹೋಗುವವರಿಗೆ ಹೇಳಿದ ಮಾತು ಇದು, ಹೋದವರಿಗೆ ಇದರಿಂದ ನಯಾಪೈಸೆ ಲಾಭವಿಲ್ಲ. ಇಷ್ಟು ಚೆನ್ನಾಗಿ ಬರೆಯಬಲ್ಲ ಜನ ಅದಕ್ಕೆ ಎಂಟು ತಿಂಗಳು ಮೊದಲು ಇನ್ನೊಂದು ಪಟ್ಟಿ ಮಾಡಿರುತ್ತಾರಲ್ಲ, ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು ಎನ್ನುವ ಪಟ್ಟಿ, ಅದು ಮಾತ್ರ ಯಾಕೆ ಅಷ್ಟು ಕಳಪೆ?

ಆ ಎರಡನೆಯ ಪಟ್ಟಿಯ ರೂಪ ಎಲ್ಲರದ್ದೂ ಒಂದೇ. ಮೇಲೆ ಮೂರು ಆಂಬಿಷಿಯಸ್, ನಡುವೆ ನಾಲ್ಕು ಮಾಡರೇಟ್, ಕೆಳಗೆ ಮೂರು ಸೇಫ್. ಪಕ್ಕದ ಕಾಲಮಿನಲ್ಲಿ ರ‍್ಯಾಂಕು. ಕೆಲವರು ಹೋದ ವರ್ಷ ಎಷ್ಟು ಸಿಜಿಪಿಎ, ಎಷ್ಟು ಜಿಆರ್‌ಇಗೆ ಅಡ್ಮಿಟ್ ಸಿಕ್ಕಿತ್ತು ಎಂಬುದನ್ನೂ ಬರೆದಿರುತ್ತಾರೆ. ಅಲ್ಲಿಗೆ ಮುಗಿಯಿತು. ಗಮನಿಸಿ, ಇದರಲ್ಲಿರುವ ಪ್ರಶ್ನೆ ಒಂದೇ: ಅವರು ನನ್ನನ್ನು ತೆಗೆದುಕೊಳ್ಳುತ್ತಾರೆಯೇ? ನನಗೆ ಅವರು ಬೇಕೇ ಎಂಬ ಕಾಲಮಿಲ್ಲ. ನಮ್ಮ ಮಾತಿನಲ್ಲೇ ಈ ತೊಡಕಿದೆ. ‘ಆಯ್ಕೆ ಆಯಿತಾ?’ ಎಂದು ಯಾರನ್ನಾದರೂ ಕೇಳಿದರೆ, ನೀನು ಆರಿಸಿಕೊಂಡೆಯಾ ಎಂದಲ್ಲ, ನಿನ್ನನ್ನು ಆರಿಸಿದರಾ ಎಂದೇ ಅರ್ಥ. ಸಿಇಟಿ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ನಲ್ಲಿ ಸಿಕ್ಕಿದ ಸೀಟಿಗೆ ಸೇರಿದವರು, ನಾಲ್ಕು ವರ್ಷದ ಮೇಲೆ ಅದೇ ಅಭ್ಯಾಸವನ್ನು ಸಮುದ್ರದಾಚೆಗೂ ಒಯ್ಯುತ್ತಾರೆ.

ಇನ್ನು ಆ ರ‍್ಯಾಂಕು. ಕಂಪ್ಯೂಟರ್ ಸೈನ್ಸಿಗೆ ನಮ್ಮವರು ಕಣ್ಣಿಗೊತ್ತಿಕೊಳ್ಳುವುದು ಯುಎಸ್ ನ್ಯೂಸ್ ಸಂಸ್ಥೆಯ ಪಟ್ಟಿಯನ್ನು. ಅದನ್ನು ತಯಾರಿಸುವ ಬಗೆ ಸರಳ: ವಿಭಾಗಗಳ ಮುಖ್ಯಸ್ಥರಿಗೆ ಬೇರೆ ವಿಭಾಗಗಳ ಹೆಸರು ಕೊಟ್ಟು, ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ಕೇಳುತ್ತಾರೆ. ಬೇರೆ ಅಳತೆ ಇಲ್ಲ. ಅದೂ ಪಿಎಚ್‌ಡಿ ಕಾರ್ಯಕ್ರಮಗಳ ಬಗ್ಗೆ. ಅಂದರೆ ನಮ್ಮ ಹುಡುಗಿ ಸಾಲ ಮಾಡಿ, ಥೀಸಿಸ್ ಇಲ್ಲದ, ಬರೀ ಕೋರ್ಸುಗಳ ಎಂ.ಎಸ್. ಮಾಡಲು ಹೋಗುವುದು ಇನ್ಯಾವುದೋ ಪದವಿಯ ಬಗ್ಗೆ ಇನ್ಯಾರೋ ಹೇಳಿದ ಅಭಿಪ್ರಾಯವನ್ನು ನಂಬಿ. ಕ್ಯೂಎಸ್ ಪಟ್ಟಿಯಲ್ಲೂ ಬಹಳ ಕಾಲ ನೂರಕ್ಕೆ ನಲವತ್ತು ಪಾಲು ಇಂಥ ಕೀರ್ತಿಯದ್ದೇ ಆಗಿತ್ತು, ಈಚೆಗೆ ಮೂವತ್ತಕ್ಕೆ ಇಳಿದಿದೆ. ಸಿಎಸ್‌ರ‍್ಯಾಂಕಿಂಗ್ಸ್ ಎಂಬುದು ಇವಕ್ಕಿಂತ ಪ್ರಾಮಾಣಿಕ. ಅದು ಅಧ್ಯಾಪಕರು ದೊಡ್ಡ ಸಮ್ಮೇಳನಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಎಣಿಸುತ್ತದೆ, ಎಣಿಸಿದ್ದು ಅಷ್ಟೇ ಎಂದೂ ಹೇಳುತ್ತದೆ. ಆದರೆ ಹಾಗೆ ಪ್ರಕಟಿಸುವ ಪ್ರೊಫೆಸರನ್ನು ಎಂ.ಎಸ್. ವಿದ್ಯಾರ್ಥಿ ಕಾಣುವುದು ತುಂಬಿದ ತರಗತಿಯ ಹಿಂದಿನ ಬೆಂಚಿನಿಂದಲೋ, ಪಕ್ಕದ ಕುರ್ಚಿಯಿಂದಲೋ? ಅದನ್ನು ಯಾವ ಪಟ್ಟಿಯೂ ಎಣಿಸಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ನಡೆದದ್ದನ್ನು ಈ ಮಕ್ಕಳಿಗೆ ಹೇಳಿಯೇ ಹೇಳುತ್ತೇನೆ. ಅದೇ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್ ಮೈಕೆಲ್ ಥಡಿಯಸ್, ತಮ್ಮ ಸಂಸ್ಥೆ ಯುಎಸ್ ನ್ಯೂಸಿಗೆ ಕೊಟ್ಟ ಅಂಕಿಗಳನ್ನು ಕೂತು ತಾಳೆ ನೋಡಿದರು. ತರಗತಿಯಲ್ಲಿ ಎಷ್ಟು ಜನ, ಅಧ್ಯಾಪಕರ ಪದವಿ ಯಾವುದು ಎಂಬ ಸಾಮಾನ್ಯ ಲೆಕ್ಕಗಳೇ ತಾಳೆಯಾಗಲಿಲ್ಲ. ಪದವಿ ಕಾಲೇಜುಗಳ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದ ಸಂಸ್ಥೆ ಆ ವರ್ಷ 18ಕ್ಕೆ ಇಳಿಯಿತು. ಕಟ್ಟಡ ಅದೇ, ಮೇಷ್ಟರು ಅವರೇ, ಪಾಠ ಅದೇ. ಕತೆ ಕೇಳಿ ಎಲ್ಲರೂ ನಗುತ್ತಾರೆ, ಆಮೇಲೆ ಹೋಗಿ ರ‍್ಯಾಂಕನ್ನೇ ನೋಡುತ್ತಾರೆ. ನೋಡದೆ ಏನು ಮಾಡಿಯಾರು? ದಾವಣಗೆರೆಯಲ್ಲೋ ಹಾಸನದಲ್ಲೋ ಕೂತ ಹುಡುಗನಿಗೆ ಕೈಗೆ ಸಿಗುವ ಹಿಡಿಕೆ ಅದೊಂದೇ. ಅರ್ಜಿಯೊಂದಕ್ಕೆ ಎಪ್ಪತ್ತೋ ನೂರೋ ಡಾಲರು ಸುರಿಯುವಾಗ ಊಹೆಗಿಂತ ಅಂಕಿ ವಾಸಿ ಅನ್ನಿಸುವುದು ಸಹಜ.

ಪಟ್ಟಿ ಮಾಡಿಕೊಡುವ ಕನ್ಸಲ್ಟೆನ್ಸಿಗಳದ್ದು ಇನ್ನೊಂದು ಅಧ್ಯಾಯ, ಹೆಚ್ಚು ಹೇಳುವುದಿಲ್ಲ. ‘ನಮ್ಮಲ್ಲಿ ಫೀಸಿಲ್ಲ’ ಎಂದವರಿಗೆ ಕೆಲವು ವಿಶ್ವವಿದ್ಯಾಲಯಗಳು ತಲೆಗಿಷ್ಟು ಎಂದು ಕಮಿಷನ್ ಕೊಡುತ್ತವೆ ಎಂಬುದನ್ನು ತಂದೆತಾಯಿಗಳು ತಿಳಿದಿರಲಿ. ಸೇಫ್ ಎಂಬ ಪದ ಯಾರಿಗೆ ಸೇಫ್ ಎಂದು ಒಮ್ಮೆ ಕೇಳಿದರೆ ತಪ್ಪಿಲ್ಲ.

ನಾನು ನಿಧಾನವಾಗಿ ನೋಡಬೇಕೆಂದುಕೊಂಡದ್ದು ಎಸ್‌ಒಪಿಯನ್ನು. ಉದ್ದೇಶವನ್ನು ವಿವರಿಸಿ ಬರೆಯುವ ಈ ಎರಡು ಪುಟದ ಪತ್ರ ಈಗ ನಮ್ಮ ನಾಡಿನಲ್ಲಿ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ವರ್ಷಕ್ಕೆ ಇಪ್ಪತ್ತು ಮೂವತ್ತು ಓದುತ್ತೇನೆ. ಮೊದಲ ಪ್ಯಾರಾದಲ್ಲಿ ಬಾಲ್ಯ, ಅಪ್ಪ ತಂದ ಹಳೆಯ ಕಂಪ್ಯೂಟರು, ಅದನ್ನು ಬಿಚ್ಚಿ ನೋಡಿದ ಕುತೂಹಲ. (ಇಷ್ಟು ಮಕ್ಕಳು ಇಷ್ಟು ಕಂಪ್ಯೂಟರು ಬಿಚ್ಚಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಬೇರೆಯದೇ ಆಗಿರುತ್ತಿತ್ತು.) ಎರಡನೆಯದರಲ್ಲಿ ಅಂಕ, ಮೂರನೆಯದರಲ್ಲಿ ಕೊನೆಯ ವರ್ಷದ ಪ್ರಾಜೆಕ್ಟು. ಕಡೆಗೆ ವಿಶ್ವವಿದ್ಯಾಲಯದ ಹೊಗಳಿಕೆ ಮತ್ತು ಇಬ್ಬರು ಪ್ರೊಫೆಸರುಗಳ ಹೆಸರು. ಈ ಕಡೆಯ ಪ್ಯಾರಾ ಮಾತ್ರ ಊರಿಂದೂರಿಗೆ ಬದಲಾಗುತ್ತದೆ, ಕೆಲವೊಮ್ಮೆ ಬದಲಿಸಲು ಮರೆತೂ ಹೋಗುತ್ತದೆ. ಒಂದು ರಾಜ್ಯದ ಸಂಸ್ಥೆಗೆ ಹೋದ ಪತ್ರದಲ್ಲಿ ಪಕ್ಕದ ರಾಜ್ಯದ ಸಂಸ್ಥೆಯ ಗುಣಗಾನ ಇದ್ದದ್ದನ್ನು ಕಳಿಸಿದ ಮೇಲೆ ನೋಡಿ ತಲೆಗೆ ಕೈಯಿಟ್ಟವರನ್ನು ಕಂಡಿದ್ದೇನೆ. ಈಗ ಚಾಟ್‌ಜಿಪಿಟಿ ಬಂದ ಮೇಲೆ ವ್ಯಾಕರಣ ತಪ್ಪುವುದಿಲ್ಲ. ಎಲ್ಲ ಪತ್ರಗಳೂ ಒಂದೇ ಇಸ್ತ್ರಿಪೆಟ್ಟಿಗೆಯಡಿ ಹಾದುಬಂದಂತೆ ಕಾಣುತ್ತವೆ.

ಒಂದು ಪತ್ರ ಮಾತ್ರ ಮರೆತಿಲ್ಲ. ಮಲೆನಾಡಿನ ಅಡಿಕೆ ಬೆಳೆಯುವ ಮನೆಯ ಹುಡುಗ. ಅವನ ತಂಡದ ಪ್ರಾಜೆಕ್ಟು ಫೋಟೋ ನೋಡಿ ಬೆಳೆಯ ರೋಗ ಹೇಳುವುದು, ವರ್ಷಕ್ಕೆ ಹತ್ತಾದರೂ ಬರುವಂಥದ್ದು. ಅವನ ಮೊದಲ ಕರಡಿನಲ್ಲಿ ಹೀಗಿತ್ತು: ನಮ್ಮ ಪ್ರೋಗ್ರಾಮು ಅಂತರ್ಜಾಲದಲ್ಲಿ ಸಿಕ್ಕ ಟೊಮೆಟೊ ಎಲೆಯ ಚಿತ್ರಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು, ನಮ್ಮ ತೋಟದ ಕೊಳೆ ರೋಗದಲ್ಲಿ ಸೋತಿತು. ಕೊಳೆ ಬರುವುದು ಮಳೆಗಾಲದಲ್ಲಿ, ಮರದ ತುದಿಯ ಗೊನೆಯಲ್ಲಿ. ಕೆಳಗಿನಿಂದ ತೆಗೆದ ಚಿತ್ರದಲ್ಲಿ ಮೋಡ ಮತ್ತು ಸೋಗೆ ಬಿಟ್ಟರೆ ಏನೂ ಇಲ್ಲ. ಕಾಯಿ ಉದುರಿದ ಮೇಲೆ ಚಿತ್ರ ಚೆನ್ನಾಗಿ ಬರುತ್ತದೆ, ಆಗ ಔಷಧಿ ಹೊಡೆದು ಪ್ರಯೋಜನವಿಲ್ಲ. ಬೆಳಕು ಕಮ್ಮಿ ಇರುವಾಗ, ಅರ್ಧಂಬರ್ಧ ಕಾಣುವ ಚಿತ್ರದಿಂದ ಎಷ್ಟು ಹೇಳಬಹುದು ಎಂಬುದನ್ನು ನಾನು ಕಲಿಯಬೇಕು.

ಒಬ್ಬ ಮನುಷ್ಯ ಎಲ್ಲಿಗೆ, ಯಾರ ಹತ್ತಿರ ಓದಲು ಹೋಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಿಕ್ಸೂಚಿ ಬೇಕೇ? ಆ ಒಂದು ಸಾಲು ಹಿಡಿದು ಹುಡುಕಿದರೆ ಹತ್ತು ವಿಭಾಗಗಳ ಪಟ್ಟಿ ತಾನಾಗಿ ಆಗುತ್ತಿತ್ತು, ಅದರಲ್ಲಿ ರ‍್ಯಾಂಕು ನೂರರಾಚೆಯ ಕೃಷಿ ವಿಶ್ವವಿದ್ಯಾಲಯಗಳೂ ಇರುತ್ತಿದ್ದವು. ಆದರೆ ಅವನು ದುಡ್ಡು ಕೊಟ್ಟ ಕನ್ಸಲ್ಟೆನ್ಸಿಯವರು ಅಷ್ಟನ್ನೂ ಕೆಂಪು ಗೆರೆ ಎಳೆದು ತೆಗೆದರು. ಕಾರಣ, ನೆಗೆಟಿವ್ ಆಗಿದೆ. ಅದರ ಜಾಗಕ್ಕೆ ಬಂದದ್ದು ಬಿಚ್ಚಿದ ಕಂಪ್ಯೂಟರು. ಅಡ್ಮಿಟ್ ಸಿಕ್ಕಿತು, ಹೋದ. ಆ ಪತ್ರ ಇಲ್ಲದಿದ್ದರೂ ಸಿಗುತ್ತಿತ್ತೇನೋ. ನನ್ನ ತಕರಾರು ಸೀಟಿನದಲ್ಲ. ತನಗೇನು ಬೇಕು ಎಂದು ತಾನೇ ಕಂಡುಕೊಂಡಿದ್ದ ಒಂದು ಮಾತನ್ನು ಅವನ ಕೈಯಿಂದಲೇ ಅಳಿಸಿದರು ಎಂಬುದು.

ಶಿಫಾರಸು ಪತ್ರಗಳ ವಿಷಯಕ್ಕೆ ಬಂದರೆ ಕಲ್ಲು ಎಸೆಯಲು ನನಗೆ ಹಕ್ಕಿಲ್ಲ. ‘ನೀನೇ ಒಂದು ಡ್ರಾಫ್ಟ್ ಮಾಡ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ’ ಎಂದು ಎಷ್ಟು ವರ್ಷ ಹೇಳಿದ್ದೇನೋ. ತಮ್ಮ ಬಗ್ಗೆ ತಾವೇ ‘ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿ’ ಎಂದು ಬರೆಯುವಾಗ ಆ ಮಕ್ಕಳ ಮುಖ ಹೇಗಿರುತ್ತಿತ್ತು ಎಂದು ಆಗ ಯೋಚಿಸಲಿಲ್ಲ.

ಹಿಂದಿನವರು ಎಲ್ಲವನ್ನೂ ಅಳೆದು ತೂಗಿ ಹೋದರು ಎಂಬ ಭ್ರಮೆಯೂ ಬೇಡ. ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋದದ್ದು ಫುಲ್‌ಬ್ರೈಟ್ ನೆರವಿನಿಂದ, ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ. ‘ಸಂಸ್ಕಾರ’ ಕಾದಂಬರಿ ಬರೆದದ್ದು ಅಲ್ಲಿ ಪಿಎಚ್‌ಡಿ ಮಾಡುತ್ತಲೇ. ಅದು ಯಾವ ಎಸ್‌ಒಪಿಯಲ್ಲಿ ಇದ್ದೀತು? ಆದರೆ ಅವರಿಬ್ಬರೂ ಸಾಲ ಮಾಡಿ ಹೋದವರಲ್ಲ. ಇಡೀ ವ್ಯತ್ಯಾಸ ಇರುವುದು ಇಲ್ಲಿ. ಬೇರೆಯವರ ದುಡ್ಡಿನಲ್ಲಿ ಹೋದವನು ದಾರಿ ತಪ್ಪಬಹುದು, ತಪ್ಪಿ ಕಾದಂಬರಿ ಬರೆಯಬಹುದು. ಅಪ್ಪನ ಮನೆ ಅಡವಿಟ್ಟು ಹೋದವನು ತಪ್ಪುವ ಹಾಗಿಲ್ಲ.

ಹೌದು, ಮನೆ. ವಿಶ್ವವಿದ್ಯಾಲಯವನ್ನು ಕೊನೆಗೆ ತೀರ್ಮಾನಿಸುವುದು ಎಷ್ಟೋ ಸಲ ಆ ಮನೆಯ ಖಾತೆ ಪತ್ರ. ರಾಷ್ಟ್ರೀಕೃತ ಬ್ಯಾಂಕುಗಳು ಒಂದು ಮಟ್ಟ ದಾಟಿದ ಸಾಲಕ್ಕೆ ಆಸ್ತಿ ಕೇಳುತ್ತವೆ. ಬಿ ಖಾತೆ ಎಂದರೆ, ರೆವಿನ್ಯೂ ಸೈಟು ಎಂದರೆ ಮ್ಯಾನೇಜರು ಫೈಲು ಮುಚ್ಚುತ್ತಾರೆ. ಆಮೇಲೆ ಉಳಿಯುವುದು ಆಸ್ತಿ ಕೇಳದ, ಬಡ್ಡಿ ಜಾಸ್ತಿಯ ಖಾಸಗಿ ಕಂಪನಿಗಳು. ಅವು ಸಾಲ ಕೊಡುವ ಮುಂಚೆ ನೋಡುವುದು ಮತ್ತೆ ರ‍್ಯಾಂಕನ್ನೇ. ನಾವು ಬೈಯುವ ಅದೇ ಅಂಕಿ ಬಡ್ಡಿಯ ದರವಾಗಿ ವಾಪಸು ಬರುತ್ತದೆ.

ಈ ಸಾಲ ತೀರಬೇಕಾದರೆ ಅಲ್ಲಿ ಕೆಲಸ ಮಾಡಲೇಬೇಕು. ಓದು ಮುಗಿದ ಮೇಲೆ 12 ತಿಂಗಳು ಒಪಿಟಿ ಎಂಬ ಕೆಲಸದ ಪರವಾನಗಿ, ವಿಜ್ಞಾನ ತಂತ್ರಜ್ಞಾನದವರಿಗೆ ಅದರ ಮೇಲೆ 24 ತಿಂಗಳು. ಮನೆಯವರ ಲೆಕ್ಕವೆಲ್ಲ ಈ ಮೂರು ವರ್ಷದ ಮೇಲೆ ನಿಂತಿರುತ್ತದೆ. ಆದರೆ ವೀಸಾ ಕಿಟಕಿಯ ಮುಂದೆ ನಿಂತಾಗ ಹೇಳಬೇಕಾದ್ದು ಓದು ಮುಗಿಸಿ ಊರಿಗೆ ಮರಳುತ್ತೇನೆ ಎಂದು. ಅಮೆರಿಕದ ಕಾನೂನು ಅರ್ಜಿದಾರನನ್ನು ವಲಸಿಗನೆಂದೇ ಭಾವಿಸಿ ಶುರುಮಾಡುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವನದು. ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆಂದು 350 ಡಾಲರು ಸೆವಿಸ್ ಶುಲ್ಕ, 185 ಡಾಲರು ವೀಸಾ ಶುಲ್ಕ ಕಟ್ಟಿ, ರಾತ್ರಿ ಬಸ್ಸಿನಲ್ಲಿ ಚೆನ್ನೈಗೆ ಹೋಗಿ, ಇಪ್ಪತ್ತೆರಡರ ಹುಡುಗಿ ಎರಡು ನಿಮಿಷದಲ್ಲಿ ಹೇಳಬೇಕಾದ ಆ ಮಾತು ಸುಳ್ಳೂ ಅಲ್ಲ, ನಿಜವೂ ಅಲ್ಲ. 2025ರ ಮೇ ಕೊನೆಯಲ್ಲಿ ವೀಸಾ ಸಂದರ್ಶನದ ಹೊಸ ಸ್ಲಾಟುಗಳೇ ನಿಂತುಹೋದವು. ಜೂನಿನಲ್ಲಿ ಮತ್ತೆ ತೆರೆದಾಗ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರೂ ನೋಡುವಂತೆ ಬಿಚ್ಚಿಡಿ ಎಂದರು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರು ಎಂಬ ಘೋಷಣೆ ಬಂತು. ಅಲ್ಲೇ ಓದುತ್ತಿರುವವರು ವೀಸಾ ಬದಲಿಸಿಕೊಂಡರೆ ಅದು ಅನ್ವಯಿಸದು ಎಂಬ ವಿವರಣೆ ಬಂದದ್ದು ಮುಂದಿನ ತಿಂಗಳು. ನಡುವಿನ ಆ ದಿನಗಳಲ್ಲಿ ಎಷ್ಟು ಮನೆಗಳಲ್ಲಿ ಅನ್ನ ಇಳಿಯಲಿಲ್ಲವೋ.

ಓದಿಗಿಂತ ಪರವಾನಗಿಯೇ ಮುಖ್ಯವಾದಾಗ ಏನಾಗುತ್ತದೆ ಎಂಬುದಕ್ಕೆ 2019ರ ಫಾರ್ಮಿಂಗ್ಟನ್ ಪ್ರಕರಣ ಸಾಕು. ಮಿಶಿಗನ್‌ನಲ್ಲಿ ಅಮೆರಿಕದ ಸರ್ಕಾರವೇ ಬಲೆಯಾಗಿ ಹುಟ್ಟುಹಾಕಿದ್ದ, ತರಗತಿಯೂ ಮೇಷ್ಟರೂ ಇಲ್ಲದ ವಿಶ್ವವಿದ್ಯಾಲಯ ಅದು. ಮೊದಲ ಸುತ್ತಿನಲ್ಲಿ ಹಿಡಿದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತದವರು. ಬಲೆ ಒಡ್ಡಿದ್ದು ನ್ಯಾಯವೇ ಎಂಬ ವಾದ ಇದ್ದೇ ಇದೆ. ತರಗತಿಯಿಲ್ಲದ ಶಾಲೆಯೂ ನಮ್ಮವರ ಪಟ್ಟಿಯಲ್ಲಿ ಸೇಫ್ ಆಗಿ ಕೂತಿತ್ತಲ್ಲ, ನನ್ನನ್ನು ಕಾಡುವುದು ಅದು.

ಹಾಗಾದರೆ ಕೇಳಬೇಕಾದ್ದೇನು? ಥೀಸಿಸ್ ಬರೆಯಲು ಅವಕಾಶವಿದೆಯೇ, ಎಷ್ಟು ಜನಕ್ಕೆ? ಕೋರ್ಸು ತುಂಬಿಹೋಗುವ ಮೊದಲು ಎಂ.ಎಸ್.ನವರಿಗೆ ಸರದಿ ಬರುತ್ತದೆಯೇ? ಪಾಠಕ್ಕೆ ನೆರವಾಗುವ ಟಿಎ ಕೆಲಸ ಪಿಎಚ್‌ಡಿಯವರನ್ನು ದಾಟಿ ಇವರಿಗೆ ಸಿಕ್ಕುತ್ತದೆಯೇ? ಚಳಿಗಾಲದಲ್ಲಿ ಬಸ್ಸು ರಾತ್ರಿ ಎಷ್ಟು ಹೊತ್ತಿನವರೆಗೆ? ಬಾಡಿಗೆಯ ಕರಾರಿಗೆ ಮನೆ ನೋಡದೆಯೇ ಸಹಿ ಹಾಕಬೇಕೇ? ಇವಕ್ಕೆ ಉತ್ತರ ಅಲ್ಲಿರುವ ಸೀನಿಯರುಗಳಿಗೆ ಗೊತ್ತು, ಮತ್ಯಾರಿಗೂ ಗೊತ್ತಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಬಗ್ಗೆ ರಾತ್ರಿ ಹನ್ನೆರಡಕ್ಕೆ ಮೆಸೇಜು ಮಾಡಿ ಕೇಳುವವರು ಇದನ್ನು ಕೇಳುವುದಿಲ್ಲ. ಕೇಳುವ ಹೊತ್ತಿಗೆ ವೀಸಾಕ್ಕೆ ಬೇಕಾದ ಐ-20 ಪತ್ರ ಬಂದಿರುತ್ತದೆ.

ನನ್ನ ತಂಗಿಯ ಮಗಳೂ ಕೇಳಿರಲಿಲ್ಲ. ಆಗಸ್ಟಿನಲ್ಲಿ ಹೊರಟಳು. ಒಂದು ಪೆಟ್ಟಿಗೆ 22.8 ಕೆ.ಜಿ., ಇನ್ನೊಂದು 23.4. ಕೈತಕ್ಕಡಿಗೆ ನೇತುಹಾಕಿ ಮೂರು ಸಲ ತೂಗಿ, ಕೊನೆಗೆ ನನ್ನ ತಂಗಿ ಹುಣಸೆಹಣ್ಣಿನ ಪೊಟ್ಟಣವೊಂದನ್ನು ತೆಗೆದಳು. ಅಲ್ಲಿಗೆ ಹೋಗಿ ನೋಡಿದರೆ, ಮಗಳು ಯಾರ ಹೆಸರು ನೋಡಿ ಆ ವಿಭಾಗಕ್ಕೆ ಹೋಗಿದ್ದಳೋ ಆ ಪ್ರೊಫೆಸರು ಒಂದು ವರ್ಷ ರಜೆಯಲ್ಲಿದ್ದರು. ವಿಭಾಗದ ಆಫೀಸಿಗೆ ಒಂದು ಇಮೇಲ್ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು.

ಈ ಏಪ್ರಿಲಿನಲ್ಲಿ ಅವಳು ಆ ಎಕ್ಸೆಲ್ ಹಾಳೆಯನ್ನು ಮುಂದಿನವರಿಗೆ ಕಳಿಸುವ ಮುನ್ನ ನನಗೂ ಒಂದು ಪ್ರತಿ ಹಾಕಿದಳು. ‘ಜರ್ಕಿನ್ ಇಲ್ಲಿಂದ ತರಬೇಡಿ’ ಎಂಬ ಸಾಲಿಗೂ ‘ನೇಲ್ ಕಟ್ಟರ್ ಚೆಕ್-ಇನ್ ಬ್ಯಾಗಿನಲ್ಲಿ’ ಎಂಬ ಸಾಲಿಗೂ ನಡುವೆ ಹೊಸದೊಂದು ಸೇರಿತ್ತು: ಯಾವ ಪ್ರೊಫೆಸರಿಗಾಗಿ ಹೋಗುತ್ತಿದ್ದೀರೋ ಅವರು ಆ ವರ್ಷ ಊರಲ್ಲಿ ಇರುತ್ತಾರಾ ಕೇಳಿ.