ಅಪೋಲೋ ಯೋಜನೆ: ಹಣದ ಚರ್ಚೆ, ಹೊಣೆಯ ಪ್ರಶ್ನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಂತರಿಕ್ಷ ಯೋಜನೆಯನ್ನು ಕುರಿತು ಬರೆಯುವವರಲ್ಲಿ ಒಂದು ವಾಡಿಕೆ ಬೆಳೆದುಬಂದಿದೆ. ೧೯೬೦ರ ದಶಕದಲ್ಲಿ ಇಡೀ ರಾಷ್ಟ್ರವೇ ಒಮ್ಮನಸ್ಸಿನಿಂದ ಚಂದ್ರನ ಕಡೆಗೆ ಮುಖಮಾಡಿತ್ತೆಂದೂ, ಅನಂತರ ಮಾತ್ರವೇ ಜನರ ಉತ್ಸಾಹವುಡುಗಿ ಸರ್ಕಾರದ ಕೈ ಬಿಗಿಯಾಯಿತೆಂದೂ ಅವರು ಹೇಳುತ್ತಾರೆ. ಈ ಕಥನಕ್ಕೆ ಆಧಾರ ಸಾಲದು. ಇತಿಹಾಸಕಾರ ರೋಜರ್ ಲಾನಿಯಸ್ ಅವರು ಆ ಕಾಲದ ಜನಾಭಿಪ್ರಾಯ ಸಂಗ್ರಹಗಳನ್ನು ಪರಿಶೀಲಿಸಿ ೨೦೦೩ರಲ್ಲಿ ಪ್ರಕಟಿಸಿದ ಲೇಖನವು ಬೇರೆಯೇ ಚಿತ್ರವನ್ನು ಕೊಡುತ್ತದೆ. ಆ ದಶಕದುದ್ದಕ್ಕೂ ನೂರಕ್ಕೆ ೪೫ರಿಂದ ೬೦ರಷ್ಟು ಜನರು ಸರ್ಕಾರವು ಅಂತರಿಕ್ಷಕ್ಕಾಗಿ ಅತಿಯಾಗಿ ವ್ಯಯಮಾಡುತ್ತಿದೆಯೆಂದೇ ಭಾವಿಸಿದ್ದರು. ಅಪೋಲೋ ಯೋಜನೆಯು ಮಾಡಿದ ಖರ್ಚಿಗೆ ತಕ್ಕುದೆಂದು ಬಹುಮತ ದೊರೆತದ್ದು ೧೯೬೯ರ ಜುಲೈ ತಿಂಗಳಲ್ಲಿ, ಚಂದ್ರನ ಮೇಲೆ ಕಾಲೂರಿದ ಆ ಸಂಭ್ರಮದಲ್ಲಿ ಮಾತ್ರ.

ಹಾಗಾದರೆ ಅಂದಿನ ಚರ್ಚೆ ಯಾವುದನ್ನು ಕುರಿತು ನಡೆಯಿತು? ಬಹುಮಟ್ಟಿಗೆ ಹಣವನ್ನು ಕುರಿತು. ೧೯೬೧ರ ಮೇ ೨೫ರಂದು ಅಧ್ಯಕ್ಷ ಕೆನೆಡಿಯವರು ತಮ್ಮ ಸಂಕಲ್ಪವನ್ನು ಕಾಂಗ್ರೆಸ್ಸಿನ, ಎಂದರೆ ಅಲ್ಲಿಯ ಶಾಸನಸಭೆಯ, ಮುಂದಿಟ್ಟಾಗ ಮುಂದಿನ ಐದು ವರ್ಷಗಳಿಗೆ ಹೆಚ್ಚುವರಿಯಾಗಿ ೭೦೦ರಿಂದ ೯೦೦ ಕೋಟಿ ಡಾಲರು ಬೇಕಾದೀತೆಂದು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ೧೯೬೬ರ ವೇಳೆಗೆ ನಾಸಾ ಸಂಸ್ಥೆಯ ಪಾಲು ಕೇಂದ್ರ ಸರ್ಕಾರದ ಒಟ್ಟು ವೆಚ್ಚದಲ್ಲಿ ನೂರಕ್ಕೆ ಸುಮಾರು ೪.೪ರಷ್ಟಾಯಿತು. ಯೋಜನೆ ಮುಗಿದ ಮೇಲೆ, ೧೯೭೩ರಲ್ಲಿ, ಕಾಂಗ್ರೆಸ್ಸಿಗೆ ಒಪ್ಪಿಸಿದ ಲೆಕ್ಕ ಸುಮಾರು ೨,೫೪೦ ಕೋಟಿ ಡಾಲರು. ಸಮಾಜಶಾಸ್ತ್ರಜ್ಞ ಅಮಿತಾಯ್ ಎಟ್ಜಿಯೋನಿಯವರು ೧೯೬೪ರಲ್ಲಿ ಈ ವೆಚ್ಚವನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದರು. ನಿವೃತ್ತ ಅಧ್ಯಕ್ಷ ಐಸೆನ್‌ಹೋವರರಿಗಂತೂ ಈ ಚಂದ್ರಸ್ಪರ್ಧೆ ಶುದ್ಧ ಹುಚ್ಚಾಗಿ ಕಂಡಿತು.

ಈ ವಾದದ ಅತ್ಯಂತ ಹೃದಯಸ್ಪರ್ಶಿಯಾದ ಪ್ರಸಂಗ ೧೯೬೯ರ ಜುಲೈ ೧೫ರದು. ಉಡ್ಡಯನದ ಮುನ್ನಾದಿನ ಪಾದ್ರಿ ರಾಲ್ಫ್ ಅಬರ್ನಥಿಯವರು ಬಡ ಕುಟುಂಬಗಳನ್ನೂ ಹೇಸರಗತ್ತೆಯ ಬಂಡಿಗಳನ್ನೂ ಕರೆದುಕೊಂಡು ಕೇಪ್ ಕೆನೆಡಿಯ ಬಳಿಗೆ ಬಂದರು. ನಾಸಾದ ಮುಖ್ಯಾಧಿಕಾರಿ ಥಾಮಸ್ ಪೇನ್ ತಾವೇ ಹೋಗಿ ಅವರನ್ನು ಎದುರುಗೊಂಡರು. ಉಡ್ಡಯನದ ಗುಂಡಿಯನ್ನು ಒತ್ತದಿರುವುದರಿಂದ ಬಡತನ ನೀಗುವುದಾದರೆ ತಾವು ಅದನ್ನು ಒತ್ತುತ್ತಿರಲಿಲ್ಲವೆಂಬುದು ಪೇನರ ಉತ್ತರದ ತಾತ್ಪರ್ಯ. ಇಬ್ಬರ ಸೌಜನ್ಯವೂ ಮೆಚ್ಚತಕ್ಕದ್ದೇ. ಆದರೆ ಚರ್ಚೆ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಸಾಗಲಿಲ್ಲ. ಚಂದ್ರನಿಗೆ ಕೊಡದ ಹಣ ಬಡವನ ಮನೆಗೆ ಹೋಗುವುದೆಂಬ ಕಟ್ಟಳೆ ಯಾವ ಆಯವ್ಯಯದಲ್ಲಿಯೂ ಇರಲಿಲ್ಲ. ೧೯೬೬ರ ಅನಂತರ ನಾಸಾದ ಪಾಲು ಇಳಿಯುತ್ತ ಬಂದಿತು. ೧೯೭೦ರಲ್ಲಿ ಮೂರು ಚಂದ್ರಯಾತ್ರೆಗಳು ರದ್ದಾದುವು. ಇದರಿಂದ ಬಡವರ ಬವಣೆ ನೀಗಿತೆಂದು ಯಾರೂ ಹೇಳಲಾರರು. “ಎಷ್ಟು?” ಎಂಬ ಪ್ರಶ್ನೆ ಕೇಳುವುದಕ್ಕೆ ಸುಲಭ, ಉತ್ತರಿಸುವುದಕ್ಕೂ ಸುಲಭ. ಆ ಹಣದ ವಿನಿಯೋಗ ಹೇಗೆ ನಡೆಯುತ್ತಿದೆಯೆಂಬುದನ್ನು ಮಂಜೂರು ಮಾಡಿದವರು ಅರಿಯಬಲ್ಲರೆ ಎಂಬುದೇ ಕಷ್ಟದ ಪ್ರಶ್ನೆ. ಅದನ್ನು ಕೇಳಿದವರು ವಿರಳ.

ಅದು ಬೆಳಕಿಗೆ ಬಂದದ್ದು ಮೂವರ ಸಾವಿನಿಂದ. ೧೯೬೭ರ ಜನವರಿ ೨೭ರಂದು ನೆಲದ ಮೇಲೆಯೇ ನಡೆಯುತ್ತಿದ್ದ ಪರೀಕ್ಷೆಯಲ್ಲಿ ಅಪೋಲೋ ನೌಕೆಗೆ ಬೆಂಕಿ ಬಿದ್ದು ಗ್ರಿಸಮ್, ವೈಟ್, ಚಾಫೀ ಎಂಬ ಯಾತ್ರಿಗಳು ಮಡಿದರು. ಮರುತಿಂಗಳು ಸೆನೆಟ್ಟಿನ ಸಮಿತಿಯ ವಿಚಾರಣೆಯಲ್ಲಿ ವಾಲ್ಟರ್ ಮಾಂಡೇಲ್ ಎಂಬ ತರುಣ ಸದಸ್ಯರು ಒಂದು ಪ್ರಶ್ನೆಯೆತ್ತಿದರು: ನೌಕೆಯನ್ನು ಕಟ್ಟುತ್ತಿದ್ದ ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಯನ್ನು ಕುರಿತು ಜನರಲ್ ಫಿಲಿಪ್ಸರ ಟೀಕಾವರದಿಯೊಂದು ಇದೆಯಂತೆ, ನಿಜವೆ? ನಾಸಾದ ಅಂದಿನ ಮುಖ್ಯಾಧಿಕಾರಿ ಜೇಮ್ಸ್ ವೆಬ್ ಅವರು ತಮಗೆ ಅಂಥ ವರದಿಯ ಅರಿವಿಲ್ಲವೆಂದರು. ವರದಿ ಇದ್ದದ್ದು ನಿಜ. ಅಪೋಲೋ ಯೋಜನೆಯ ನಿರ್ದೇಶಕರಾಗಿದ್ದ ಸ್ಯಾಮ್ಯುಯಲ್ ಫಿಲಿಪ್ಸರೇ ೧೯೬೫ರ ಡಿಸೆಂಬರಿನಲ್ಲಿ ಅದನ್ನು ಆ ಸಂಸ್ಥೆಯ ಅಧ್ಯಕ್ಷರಿಗೆ ಕಳುಹಿಸಿ, ಕೆಲಸದ ವಿಳಂಬ, ಏರುವ ವೆಚ್ಚ, ಆಡಳಿತದ ಸಡಿಲಿಕೆಗಳನ್ನು ಕಟುವಾಗಿ ಎತ್ತಿತೋರಿಸಿದ್ದರು. ೧೯೬೧ರಲ್ಲಿ ನಾಸಾದ ಪರಿಶೀಲನ ಮಂಡಲಿಯು ಈ ಗುತ್ತಿಗೆಗೆ ಮೊದಲ ಸ್ಥಾನ ಕೊಟ್ಟಿದ್ದುದು ಮಾರ್ಟಿನ್ ಎಂಬ ಬೇರೊಂದು ಸಂಸ್ಥೆಗೆಂಬ ಸಂಗತಿಯೂ ಈ ವಿಚಾರಣೆಗಳ ಕಾಲದಲ್ಲಿಯೇ ಹೊರಬಿದ್ದಿತು.

ಫಿಲಿಪ್ಸರ ವರದಿಯು ಬೆಂಕಿಯ ಅಪಾಯವನ್ನು ಮುಂಗಂಡು ಬರೆದದ್ದಲ್ಲ. ಹಾಗೆ ಅರ್ಥಮಾಡುವುದು ಅನ್ಯಾಯವಾಗುತ್ತದೆ. ಅದರ ಮಹತ್ವ ಬೇರೆ. ವೆಬ್ ಅವರಿಗೆ ವರದಿಯ ವಿಷಯ ಗೊತ್ತಿದ್ದರೆ ಅವರು ಶಾಸನಸಭೆಗೆ ಅದನ್ನು ಮರೆಮಾಡಿದಂತಾಯಿತು. ಗೊತ್ತಿರಲಿಲ್ಲವಾದರೆ, ತಮ್ಮದೇ ಸಂಸ್ಥೆಯ ಮಹತ್ತರ ಯೋಜನೆಯ ರೋಗವನ್ನು ಅವರು ಅರಿಯದೆ ಇದ್ದಂತಾಯಿತು. ಎರಡನೆಯದೇ ನಿಜವೆಂದು ನನಗೆ ತೋರುತ್ತದೆ, ಮತ್ತು ಅದೇ ಹೆಚ್ಚು ಕಳವಳಕಾರಿ. ಸಮಿತಿಯ ವರದಿ ೧೯೬೮ರ ಜನವರಿಯಲ್ಲಿ ಹೊರಬಂದಾಗ ಮಾಂಡೇಲ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯವನ್ನು ಜೋಡಿಸಿ, ನಾಸಾ ಶಾಸನಸಭೆಯೊಡನೆ ನಡೆದುಕೊಂಡ ರೀತಿಯನ್ನು ಖಂಡಿಸಿದರು. ವೆಬ್ ಅವರಾದರೋ ಆ ವರ್ಷ ಅಧಿಕಾರ ಬಿಟ್ಟು, ೧೯೬೯ರಲ್ಲಿ ಅಂತರಿಕ್ಷಯುಗದ ಆಡಳಿತವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿ, ನಾಸಾದ ಬೃಹದ್ಯೋಜನಾ ಪದ್ಧತಿಯು ಸಮಾಜದ ಇತರ ಸಮಸ್ಯೆಗಳಿಗೂ ಮಾದರಿಯಾದೀತೆಂದು ವಾದಿಸಿದರು!

ಈ ಪ್ರಶ್ನೆಯನ್ನು ತಾತ್ತ್ವಿಕವಾಗಿ ಎದುರಿಸಿದ ಕೃತಿಯೆಂದರೆ ವಾಲ್ಟರ್ ಮ್ಯಾಕ್‌ಡೂಗಲ್ ಅವರ ‘ದಿ ಹೆವೆನ್ಸ್ ಅಂಡ್ ದಿ ಅರ್ಥ್’ (೧೯೮೫). ೧೯೮೬ರಲ್ಲಿ ಅದಕ್ಕೆ ಇತಿಹಾಸಕ್ಕಾಗಿ ಪುಲಿಟ್ಜರ್ ಪಾರಿತೋಷಕ ಸಂದಿತು. ಯಂತ್ರಶಿಲ್ಪದ ಬೆಳವಣಿಗೆಯನ್ನು ಸರ್ಕಾರವೇ ಯೋಜಿಸಿ ನಡೆಸುವ ಪದ್ಧತಿ ಸೋವಿಯತ್ ದೇಶದಿಂದ ಅದರ ವಿರೋಧಿಯ ಮನೆಗೇ ಹೊಕ್ಕಿತೆಂಬುದು ಅವರ ಸಿದ್ಧಾಂತ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಸರ್ಕಾರದ ಶಕ್ತಿ ಬೆಳೆದದ್ದು ನಿಜ. ಆದರೆ ಫಿಲಿಪ್ಸರ ಪ್ರಕರಣದಲ್ಲಿ ಕಾಣುವುದು ಸರ್ಕಾರದ ಅತಿಶಕ್ತಿಯಲ್ಲ; ತನ್ನ ಗುತ್ತಿಗೆದಾರನನ್ನು ಅಂಕೆಯಲ್ಲಿಡಲಾರದ, ತನ್ನ ಅಧಿಕಾರಿಯ ಎಚ್ಚರಿಕೆಯನ್ನು ಮೇಲಕ್ಕೆ ಮುಟ್ಟಿಸಲಾರದ ಸರ್ಕಾರದ ದೌರ್ಬಲ್ಯ. ಯೋಜನೆಯ ಉದ್ದೇಶವಾದರೂ ಎಲ್ಲರಿಗೂ ತಿಳಿದಿತ್ತೆ? ೧೯೬೨ರ ನವೆಂಬರಿನಲ್ಲಿ ಕೆನೆಡಿಯವರು ವೆಬ್ ಅವರೊಡನೆ ಖಾಸಗಿಯಾಗಿ ಮಾತನಾಡುತ್ತ, ರಷ್ಯನ್ನರನ್ನು ಹಿಂದಿಕ್ಕುವ ಗುರಿಯೊಂದನ್ನು ಬಿಟ್ಟರೆ ಅಂತರಿಕ್ಷದಲ್ಲಿ ತಮಗೆ ಅಷ್ಟಾಗಿ ಆಸಕ್ತಿಯಿಲ್ಲವೆಂದಿದ್ದರು. ಆ ಸಂಭಾಷಣೆಯ ಧ್ವನಿಮುದ್ರಿಕೆ ಸಾರ್ವಜನಿಕರ ಕಿವಿಗೆ ಬಿದ್ದದ್ದು ೨೦೦೧ರಲ್ಲಿ. ಮ್ಯಾಕ್‌ಡೂಗಲರು ಬರೆಯುವಾಗ ಅದು ಅವರಿಗೆ ಲಭ್ಯವಿರಲಿಲ್ಲವೆಂಬುದನ್ನು ಅವರ ಪರವಾಗಿ ಹೇಳಬೇಕು.

ಮಾಂಡೇಲರ ಪ್ರಶ್ನೆಗೆ ಸಮರ್ಪಕವಾದ ಉತ್ತರ ಬರಲು ಇನ್ನೂ ಹದಿನಾಲ್ಕು ಜೀವಗಳು ಬೇಕಾದುವು: ೧೯೮೬ರಲ್ಲಿ ಚಾಲೆಂಜರ್ ನೌಕೆಯ ಏಳು, ೨೦೦೩ರಲ್ಲಿ ಕೊಲಂಬಿಯಾ ನೌಕೆಯ ಏಳು. ಕೊಲಂಬಿಯಾ ದುರಂತದ ತನಿಖಾ ಮಂಡಲಿಯು ಅದೇ ಆಗಸ್ಟಿನಲ್ಲಿ ಕೊಟ್ಟ ವರದಿಯು ಕಳಚಿಬಿದ್ದ ನೊರೆಯ ತುಂಡನ್ನಷ್ಟೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಸಂಸ್ಥೆಯ ನಡವಳಿಕೆಯನ್ನೂ ಅಷ್ಟೇ ಹೊಣೆಯಾಗಿಸಿತು. ಕುಗ್ಗಿದ ಆಯವ್ಯಯ, ಬಿಗಿಯಾದ ಕಾಲಪಟ್ಟಿ, ಕೆಳಗಿನ ಎಂಜಿನಿಯರುಗಳ ಶಂಕೆ ಮೇಲಿನವರನ್ನು ತಲಪದ ಬಗೆ ಇವೆಲ್ಲವನ್ನೂ ಅದು ಒಂದೇ ಸೂತ್ರದಲ್ಲಿ ಕಟ್ಟಿತು. ಅಂತರಿಕ್ಷ ನಿಲ್ದಾಣದ ಒಂದು ಭಾಗವನ್ನು ೨೦೦೪ರ ಫೆಬ್ರವರಿ ೧೯ರಂದು ಹಾರಿಸಲೇಬೇಕೆಂದು ಗೊತ್ತುಮಾಡಿಕೊಂಡಿದ್ದ ಅಧಿಕಾರಿಗಳಿಗೆ, ಅಲ್ಲಿಯವರೆಗೆ ಉಳಿದ ಕಾಲವನ್ನು ಎಣಿಸಿ ತೋರಿಸುವ ಚಿತ್ರವೊಂದನ್ನು ಅವರ ಕಂಪ್ಯೂಟರುಗಳ ತೆರೆಯ ಮೇಲೆ ಇಡುವುದಕ್ಕಾಗಿ ಹಂಚಲಾಗಿತ್ತು.