ದುಂಡು ಮೊದಲು, ಓಟ ಆಮೇಲೆ

ಸಾಲಿ ಶುರುವಾಗಿವೆ. ಪೆನ್ಸಿಲ್ ಹಿಡಿಯುವ ಬಗೆಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಹೆಬ್ಬೆರಳು ಮತ್ತು ತೋರುಬೆರಳು ಹಿಡಿಯಬೇಕು, ನಡುಬೆರಳು ಕೆಳಗಿನಿಂದ ಆನಿಸಬೇಕು. ಉದ್ದನೆಯ ಹೊಸ ಪೆನ್ಸಿಲಿಗಿಂತ ಮೋಟು ತುಂಡೇ ಒಳ್ಳೆಯದು. ಮುಷ್ಟಿ ಕಟ್ಟಲು ಅದರಲ್ಲಿ ಜಾಗವಿಲ್ಲದ ಕಾರಣ ಬೆರಳುಗಳು ತಾವಾಗಿ ತಮ್ಮ ಜಾಗಕ್ಕೆ ಬರುತ್ತವೆ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಡಿ. ಹಾಳೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿಕೊಡಿ, ಸಾಕು.

ಇಲ್ಲಿಂದ ಮುಂದುವರಿಯುವಷ್ಟರಲ್ಲಿ ರಾಮದುರ್ಗದ ತಾಯಿಯೊಬ್ಬರ ಪತ್ರ ಬಂತು. "ಮಗಳಿಗೆ ನಾಲ್ಕು ವರ್ಷ ರೀ. ಸಾಲ್ಯಾಗ ನಾಲ್ಕ್ ಗೆರಿ ಕಾಪಿಯೊಳಗ ಇಂಗ್ಲಿಷ್ ಕರ್ಸಿವ್ ಬರಸ್ತಾರ. ಕೈ ನೋಯ್ತದ ಅಂತ ದಿನಾ ಅಳ್ತಾಳ. ಏನ್ ಮಾಡ್ಲಿ ಸರ?"

ನಿಲ್ಲಿಸಿಬಿಡಿ ತಾಯಿ. ನಾಲ್ಕರ ಕೂಸಿನ ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಹಲವು ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಈಗ ಬೇಕಾದದ್ದು ಮಣ್ಣು, ಹಿಟ್ಟು, ರಂಗೋಲಿ ಪುಡಿ, ದೊಡ್ಡದೊಂದು ಪಾಟಿ. ಮಣ್ಣೆತ್ತಿನ ಅಮಾವಾಸ್ಯೆ ಬರುತ್ತಿದೆ. ಎತ್ತಿನ ಕೋಡು ತಿದ್ದುವ, ಗ್ವಾದಲಿ ಮಾಡುವ ಬೆರಳುಗಳಿಗೆ ಅದಕ್ಕಿಂತ ಒಳ್ಳೆಯ ತಾಲೀಮು ಯಾವ ಕಾಪಿಯಲ್ಲೂ ಇಲ್ಲ. ಅಕ್ಷರ ಮೊದಲು ತೋಳಿನಲ್ಲಿ ಕೂರಬೇಕು, ಬೆರಳಿಗೆ ಇಳಿಯುವುದು ಆಮೇಲೆ. ಅಂಗಳದಲ್ಲಿ ಮೊಳದಷ್ಟು ದೊಡ್ಡ 'ಗ' ಬರೆದ ಮಗು ಗೆರೆಯ ನಡುವೆ ಸಣ್ಣ 'ಗ'ವನ್ನೂ ಬರೆಯುತ್ತದೆ.

ಈ ಕರ್ಸಿವ್ ವ್ಯಾಮೋಹದ ಮೇಲೆ ನನಗೆ ಹಳೆಯ ಸಿಟ್ಟಿದೆ. ಕೈ ಎತ್ತದೆ ಓಡಿಸಿ ಬರೆಯುವುದು ಅವಸರದವರ ಬರಹ. ನಮ್ಮ ಭಾಗಕ್ಕೆ ಅದರ ಅನುಭವ ಹೊಸದೇನಲ್ಲ. ಪೇಶ್ವೆಯರ ಕಾಲದಿಂದ ಮುಂಬೈ ಸರಕಾರದ ಕಾಲದವರೆಗೆ ಇಲ್ಲಿನ ಲೆಕ್ಕಪತ್ರ, ಕುಲಕರ್ಣಿಗಳ ದಫ್ತರ ಬಹಳಷ್ಟು ಮೋಡಿ ಲಿಪಿಯಲ್ಲಿ ನಡೆದವು. ಟಾಕನ್ನು ದೌತಿಯಲ್ಲಿ ಅದ್ದಿ, ಶಾಯಿ ಆರುವ ಮುನ್ನ ಸಾಲು ಮುಗಿಸುವ ಬರಹ ಅದು. ಕಾರಕೂನರಿಗೆ ಅದು ಬೇಕಿತ್ತು, ಅವರ ಕೈಯಲ್ಲಿ ಅದಕ್ಕೊಂದು ಚೆಲುವೂ ಇತ್ತು. ಇವತ್ತು ಕಿತ್ತೂರು, ಬೈಲಹೊಂಗಲ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜ ಬರೆದಿಟ್ಟ ಹೊಲದ ಕಾಗದವನ್ನು ಮೊಮ್ಮಗ ಓದಲಾರ. ಓದಬಲ್ಲವರನ್ನು ಹುಡುಕಿಕೊಂಡು ಊರೂರು ತಿರುಗಬೇಕು.

ನಿಧಾನದ ಬರಹ ನೋಡಲು ಈಗ ಸವದತ್ತಿಗೆ ಬನ್ನಿ. ರಟ್ಟರ ಸುಗಂಧವರ್ತಿ ಇದೇ. ಹತ್ತಿರದ ಹೂಲಿ ಆಗಿನ ಪೂಲಿ, ಸಾಸಿರ ಮಹಾಜನರ ಅಗ್ರಹಾರ. ಅಲ್ಲಿ ಹನ್ನೊಂದು, ಹನ್ನೆರಡನೆಯ ಶತಮಾನದ ಶಾಸನಗಳಿವೆ. ಚಾಲುಕ್ಯರ ಕಾಲದ ಒಳ್ಳೆಯ ಶಾಸನವೊಂದರ ಮುಂದೆ ನಿಂತು ನೋಡಿ: ಒಂದೇ ಎತ್ತರದ ಅಕ್ಷರ, ಒಂದೇ ಅಳತೆಯ ದುಂಡು, ಸಾಲಿನ ಮೇಲೆ ತಪ್ಪದೆ ಕೂತ ತಲೆಕಟ್ಟು. ಎಷ್ಟೋ ಶಾಸನಗಳ ಕೊನೆಗೆ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುತ್ತದೆ. ಉಳಿ ಮುಟ್ಟುವ ಮೊದಲೇ ಅಕ್ಷರ ಬಲ್ಲವನೊಬ್ಬ ನಿಧಾನವಾಗಿ ಬರೆದುಕೊಟ್ಟಿರುತ್ತಿದ್ದ, ಆ ಕೈಬರಹಕ್ಕೆ ರಾಜನ ಹೆಸರಿದ್ದ ಕಲ್ಲಿನ ಮೇಲೆಯೇ ಗೌರವ ಸಿಗುತ್ತಿತ್ತು. ಇವತ್ತಿನ ಹುಡುಗ ಕೂಡ ಆ ಕಲ್ಲಿನಲ್ಲಿ ನಾಲ್ಕಾರು ಅಕ್ಷರ ಗುರುತಿಸಬಲ್ಲ.

ಓಟವನ್ನೇ ಹೊಗಳುವವರು ಕುಮಾರವ್ಯಾಸನನ್ನು ಎಳೆದು ತರುತ್ತಾರೆ. ಭಾರತದ ಮೊದಲಿಗೇ ಆ ಗದುಗಿನ ಕವಿ ತನ್ನ ಅಗ್ಗಳಿಕೆಗಳನ್ನು ಹೇಳಿಕೊಳ್ಳುತ್ತಾನೆ: ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದ ಅಳಿಸಿದವನಲ್ಲ, ಓಲೆಯ ಮೇಲೆ ತನ್ನ ಬರೆಯುವ ಕಡ್ಡಿಯ ಸದ್ದು ನಡುವೆ ನಿಂತದ್ದಿಲ್ಲ. ನನಗೆ ಬಲು ಪ್ರೀತಿಯ ಜಾಗ ಅದು. ಅದನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಉಳಿದವರೆಲ್ಲ ಹಲಗೆಯ ಮೇಲೆ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಇಳಿಸುತ್ತಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಹಾಗಿಲ್ಲದಿದ್ದರೆ ಹೇಳಿಕೊಳ್ಳಲು ಅದರಲ್ಲಿ ಏನಿತ್ತು? ಅದು ಸಿದ್ಧಿಯ ಮಾತು. ಕಲಿಯುವ ಕೂಸಿಗೆ ಅಳಿಸಲು ಬರುವ ಪಾಟಿಯೇ ಗುರು. ತಪ್ಪಿದರೆ ಅಂಗೈಯಿಂದ ಒರೆಸಿಬಿಟ್ಟಾಯಿತು, ಕೆಂಪು ಶಾಯಿಯ ಹೆದರಿಕೆಯಿಲ್ಲ.

ಹೊಸದನ್ನೆಲ್ಲ ನಾನು ದೂರುವವನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಕಲಿಕಾ ಪದ್ಧತಿ ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಶುರು ಮಾಡಿದಾಗ ಹಿರಿಯ ಮಾಸ್ತರರು ಹಲವರು ಮುಖ ಗಂಟಿಕ್ಕಿದರು. ಈ ವಿಷಯದಲ್ಲಿ ನಾನು ನಲಿ-ಕಲಿಯ ಕಡೆ. ವರ್ಣಮಾಲೆಯ ಕ್ರಮ ಬಾಯಿಗೆ ಹೊಂದುತ್ತದೆ, ಆಕಾರದ ಕ್ರಮ ಕೈಗೆ ಹೊಂದುತ್ತದೆ. ಸುಲಭದ 'ರ' ಬರೆದ ಕೈಗೆ 'ಇ'ಯ ಸುತ್ತು ಆಮೇಲೆ ಬಂದರಾಯಿತು.

ಕಾಪಿಯ ಮಾತು ಒಂದಿದೆ. ಇಂಗ್ಲಿಷಿನ ನಾಲ್ಕು ಗೆರೆಯಲ್ಲಿ ಕನ್ನಡ ಬರೆಸಬೇಡಿ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಶಾಸ್ತ್ರ', 'ರಾಷ್ಟ್ರ' ಎಂದರೆ ಕೆಳಗೆ ಎರಡು ಒತ್ತು ಕೂರಬೇಕು. ಸಾಲಿನ ನಡುವೆ ಜಾಗವಿಲ್ಲದಿದ್ದರೆ ಮಗು ಒತ್ತನ್ನು ಚುಕ್ಕೆಯಷ್ಟು ಮಾಡಿ ಮುಂದೆ ಹೋಗುತ್ತದೆ. ಆ ಚಟ ಒಮ್ಮೆ ಹತ್ತಿದರೆ ಎಸ್ಸೆಸ್ಸೆಲ್ಸಿವರೆಗೂ ಬಿಡುವುದಿಲ್ಲ. ಎರಡು ಗೆರೆಯ ಕಾಪಿ ತನ್ನಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೆಸಿ. 'ದ'ಕಾರದ ಹೊಟ್ಟೆ ಸೀಳಿದರೆ 'ಧ' ಆಗುವುದನ್ನು ಬೆರಳಿಟ್ಟು ತೋರಿಸಿ. ಪುಟ ತುಂಬಿಸುವುದು ಬೇಡ. ದಿನಕ್ಕೆ ಐದು ಸಾಲು ಸಾಕು, ನೀವು ಪಕ್ಕದಲ್ಲಿ ಕೂತು ಬರೆಸುವುದಾದರೆ. ಬರೆದು ಮುಗಿದ ಅಕ್ಷರವನ್ನಷ್ಟೇ ನೋಡಿದರೆ ಅದು ಹುಟ್ಟಿದ ಬಗೆ ತಿಳಿಯದು. ಕೈ ಎಲ್ಲಿ ಊರಿತು, ಎತ್ತ ತಿರುಗಿತು, ತಲೆಕಟ್ಟನ್ನು ಯಾವಾಗ ಇಟ್ಟಿತು ಎಂಬುದು ಬರೆಯುವಾಗಲೇ ಕಣ್ಣಿಗೆ ಬೀಳಬೇಕು.

ಹತ್ತು ದಿನದಲ್ಲಿ ಮುತ್ತಿನಂಥ ಅಕ್ಷರ ಕಲಿಸುತ್ತೇವೆಂಬ ಫಲಕ ನೋಡಿ ದುಡ್ಡು ಕಟ್ಟಬೇಡಿ. ಎರಡು, ಮೂರು ವರ್ಷ ದುಂಡಗೆ, ನಿಧಾನವಾಗಿ ಬರೆದ ಕೈಗೆ ವೇಗ ತಾನಾಗಿ ಬರುತ್ತದೆ. ವೇಗವನ್ನು ಮೊದಲು ಕಲಿತ ಕೈಗೆ ದುಂಡು ಮರಳಿ ಬರುವುದು ಕಷ್ಟ. ಮುಂದಿನ ಸಲ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಮಕ್ಕಳನ್ನು ಹೂಲಿಗೂ ಕರೆದುಕೊಂಡು ಹೋಗಿ, ಒಂದು ಶಾಸನದ ಮುಂದೆ ನಿಲ್ಲಿಸಿ, ಗೊತ್ತಿರುವ ಅಕ್ಷರ ಹುಡುಕಲು ಹೇಳಿ.